ಇಪ್ಪತ್ತು ಟ್ಯಾಂಕಿನ ಹಸುರು

ಕನ್ನಂಬಾಡಿ ಕಟ್ಟೆಯಡಿಯ ಬೃಂದಾವನವನ್ನು ಕಂಡು ಬಂದವರಿಗೆ ತಮ್ಮ ತೋಟದ ಮನೆಯ ಮುಂದೆಯೂ ಅಂಥದೊಂದು ಹುಲ್ಲುಹಾಸು ಬೇಕೆನಿಸುವುದು ಸಹಜ. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1927ರಲ್ಲಿ ಆರಂಭವಾಗಿ 1932ರಲ್ಲಿ ಮುಗಿದ ಆ ಉದ್ಯಾನದ ವಿಸ್ತಾರ ಸುಮಾರು 60 ಎಕರೆ. ಮೇಲೆ ಜಲಾಶಯ, ಕೆಳಗೆ ತೋಟ. ನೀರು ತಾನಾಗಿ ಇಳಿದು ಬರುತ್ತದೆ.

ನಾಗಮಂಗಲದ ಬೆದ್ದಲು ನೆಲಕ್ಕೆ ಆ ಭಾಗ್ಯವಿಲ್ಲ. ಅಲ್ಲಿ ಒಂದು ಎಕರೆಗೆ ಹುಲ್ಲು ನೆಟ್ಟು, ಸಣ್ಣ ಟ್ರಾಕ್ಟರಿಗೆ ಸಾವಿರ ಲೀಟರಿನ ಟ್ಯಾಂಕು ಕಟ್ಟಿ ನೀರುಣಿಸ ಹೊರಟವರು ಮೊದಲು ಲೆಕ್ಕ ಹಾಕಬೇಕು. ಹೊಸ ಹುಲ್ಲಿನ ಬೇರು ಆಳಕ್ಕೆ ಇಳಿದಿರುವುದಿಲ್ಲ. ಮೇಲ್ಮಣ್ಣು ಒಣಗದಂತೆ ದಿನವೂ ತೆಳುವಾಗಿ ನೀರು ಬೇಕು. ಐದು ಮಿಲಿಮೀಟರ್ ಎಂದರೂ ಎಕರೆಗೆ 20,000 ಲೀಟರು, ಅಂದರೆ ಇಪ್ಪತ್ತು ಟ್ಯಾಂಕು! (ಬೃಂದಾವನದಷ್ಟು ನೆಲಕ್ಕಾದರೆ 1,200.) ಆ ನೀರೂ ಬಹುಮಟ್ಟಿಗೆ ಕೊಳವೆಬಾವಿಯದು, ಊರಿನವರು ಕುಡಿಯುವುದೂ ಅದೇ ಅಂತರ್ಜಲವನ್ನು.

ಇನ್ನೊಂದು ತೊಡಕುಂಟು. ಸಾವಿರ ಲೀಟರು ನೀರೆಂದರೆ ಒಂದು ಟನ್ ಭಾರ. ತೊಯ್ದ ನೆಲದ ಮೇಲೆ ಅದು ಉರುಳಿದರೆ ಚಕ್ರದ ಜಾಡಿನಲ್ಲಿ ಮಣ್ಣು ಬಿಗಿದು ಹುಲ್ಲು ಸೊರಗುತ್ತದೆ. ಗಾಡಿಯನ್ನು ಅಂಚಿನಲ್ಲೇ ನಿಲ್ಲಿಸಿ, ಪಂಪು ಹೂಡಿ, ಉದ್ದನೆಯ ಕೊಳವೆಯಿಂದ ಬೆಳಗಿನ ತಂಪಿನಲ್ಲಿ ಸಿಂಪಡಿಸುವುದೇ ಲೇಸು. ಮುಂಗಾರು ಹಿಡಿದ ಮೇಲೆ ನೆಟ್ಟವರಿಗೆ ಎಷ್ಟೋ ಟ್ಯಾಂಕುಗಳನ್ನು ಮಳೆಯೇ ಉಳಿಸಿಕೊಡುತ್ತದೆ. ಎಕರೆಯ ಬದಲು ನಾಲ್ಕು ಗುಂಟೆಗೆ ತೃಪ್ತರಾದವರಿಗೆ ದಿನಕ್ಕೆ ಎರಡೇ ಟ್ಯಾಂಕು ಸಾಕು.