ಸಂಘಕ್ಕೆ ಸೇರುವುದೂ ವ್ಯಾಸಂಗದ ಭಾಗ

ಗ್ರಂಥಾಲಯ ವಿಜ್ಞಾನದ ತರಗತಿಗೆ ಕಾಲಿಟ್ಟ ವಿದ್ಯಾರ್ಥಿ ಮೊದಲ ವಾರಗಳಲ್ಲೇ ಕೇಳುವ ಹೆಸರು ಎಸ್.ಆರ್. ರಂಗನಾಥನ್ ಅವರದು, ಮೊದಲು ಕಲಿಯುವ ಪಾಠ ಅವರ ಪಂಚಸೂತ್ರಗಳು. 1931ರಲ್ಲಿ ಆ ಗ್ರಂಥವನ್ನು ಪ್ರಕಟಿಸಿದ್ದು ಮದ್ರಾಸ್ ಗ್ರಂಥಾಲಯ ಸಂಘ ಎಂಬ ಸಂಗತಿ ಮಾತ್ರ ಅಷ್ಟಾಗಿ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. 1928ರಲ್ಲಿ ಸ್ಥಾಪನೆಯಾದ ಆ ಸಂಘ ಮರುವರ್ಷವೇ ಗ್ರಂಥಪಾಲಕರಿಗಾಗಿ ಬೇಸಿಗೆ ತರಬೇತಿಯನ್ನು ಆರಂಭಿಸಿತು. ಮದ್ರಾಸ್ ವಿಶ್ವವಿದ್ಯಾಲಯ ಆ ತರಬೇತಿಯನ್ನು ತನ್ನ ಸುಪರ್ದಿಗೆ ತೆಗೆದುಕೊಂಡದ್ದು 1931ರಲ್ಲಿ. ಅಲ್ಲಿ ಈ ವೃತ್ತಿಗೆ ಸಂಘ ಮೊದಲು ಬಂದಿತು, ವಿಶ್ವವಿದ್ಯಾಲಯದ ತರಗತಿ ಆಮೇಲೆ.

ಇಂದು ಕ್ರಮ ತಿರುವುಮುರುವಾಗಿದೆ. ಪದವಿ ಮುಗಿಸಿ, ನೌಕರಿ ಹಿಡಿದು, ಬಡ್ತಿಯ ಸಮಯದಲ್ಲಿ ಪ್ರಮಾಣಪತ್ರದ ಅಗತ್ಯ ಬಿದ್ದಾಗ ಸಂಘದ ನೆನಪಾಗುವುದು ವಾಡಿಕೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ವಿದ್ಯಾರ್ಥಿಗಳ ಮಟ್ಟಿಗಂತೂ ಸಂಘವೆಂಬುದು ದೂರದ ಮಾತು. ಇವರಲ್ಲಿ ಗ್ರಂಥಾಲಯ ವಿಜ್ಞಾನ ಓದಬಯಸುವವರು ವಿಜಯಪುರ, ಬೆಳಗಾವಿ ಅಥವಾ ಧಾರವಾಡಕ್ಕೆ ಹೋಗಬೇಕು. ಇಲ್ಲವೇ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಪಾಠಗಳನ್ನು ಮನೆಗೆ ತರಿಸಿಕೊಂಡು ಓದಬೇಕು. ದೂರಶಿಕ್ಷಣದ ವಿದ್ಯಾರ್ಥಿಗೆ ಪುಸ್ತಕವಿರುತ್ತದೆ, ಪರೀಕ್ಷೆಯಿರುತ್ತದೆ; ಸಹಪಾಠಿಯೂ ಹಿರಿಯರೂ ಇರುವುದಿಲ್ಲ. 2023ರಲ್ಲಿ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಆರಂಭವಾಯಿತು. ಎರಡೇ ವರ್ಷಗಳಲ್ಲಿ, 2025ರಲ್ಲಿ, ರಾಜ್ಯದ ಹೊಸ ವಿಶ್ವವಿದ್ಯಾಲಯಗಳು ಉಳಿಯಬೇಕೇ ಎಂಬ ಚರ್ಚೆಯೇ ಎದ್ದಿತು. ಸಂಸ್ಥೆಗಳ ಅಸ್ತಿತ್ವವೇ ಹೀಗೆ ಅನಿಶ್ಚಿತವಾದಾಗ ವೃತ್ತಿಬಾಂಧವರ ಬಳಗವೇ ವಿದ್ಯಾರ್ಥಿಯ ಸ್ಥಿರವಾದ ಆಸರೆ.

'ಶುಲ್ಕ ಕಟ್ಟಿದರೆ ನನಗೇನು ಸಿಗುತ್ತದೆ?' ಎಂದು ನೇಕಾರರ ಮನೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅರ್ಥಶಾಸ್ತ್ರಜ್ಞ ಮ್ಯಾನ್ಕುರ್ ಓಲ್ಸನ್ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚರ್ಚಿಸಿದ್ದೂ ಇದನ್ನೇ. ಸಂಘ ಹೋರಾಡಿ ಗಳಿಸಿದ ವೇತನ ಶ್ರೇಣಿ, ಹುದ್ದೆ, ಕಾನೂನು ಇವೆಲ್ಲ ಸದಸ್ಯರಲ್ಲದವರಿಗೂ ದಕ್ಕುತ್ತವೆ. ಹಾಗಿರುವಾಗ ಶುಲ್ಕ ಕೊಡದೆ ಫಲ ಉಣ್ಣುವುದೇ ಜಾಣತನವೆಂದು ಪ್ರತಿಯೊಬ್ಬರಿಗೂ ತೋರುತ್ತದೆ. ಎಲ್ಲರೂ ಅಷ್ಟೇ ಜಾಣರಾದರೆ ಸಂಘವೂ ಇರುವುದಿಲ್ಲ, ಫಲವೂ ಇರುವುದಿಲ್ಲ.

ಉತ್ತರ ಕರ್ನಾಟಕದ ಜನಕ್ಕೆ ಈ ತರ್ಕವನ್ನು ವಿದೇಶಿ ಪಂಡಿತರು ಹೇಳಿಕೊಡಬೇಕಾಗಿಲ್ಲ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದರು. ಕಬ್ಬಿನ ದರಕ್ಕಾಗಿ ಬೆಳೆಗಾರರು ಒಟ್ಟಾಗಿ ನಿಲ್ಲುವುದನ್ನು ಮುಧೋಳ, ಜಮಖಂಡಿಗಳ ಮಕ್ಕಳು ಎಳವೆಯಿಂದಲೇ ನೋಡುತ್ತ ಬೆಳೆಯುತ್ತಾರೆ. ಒಬ್ಬ ರೈತನ ಮಾತಿಗೆ ಇಲ್ಲದ ತೂಕ ನೂರು ರೈತರ ಮಾತಿಗೆ ಇರುತ್ತದೆ. ಸರ್ಕಾರಿ ಕಚೇರಿಯ ಮೇಜಿನ ಆಚೆ ಬದಿಯಲ್ಲಿ ಕುಳಿತವನಾಗಿ ನಾನೂ ಇದನ್ನು ಕಂಡಿದ್ದೇನೆ. ಒಂಟಿ ನೌಕರನ ಅರ್ಜಿ ಕಡತದಲ್ಲಿ ಮಲಗುತ್ತದೆ. ಠರಾವಿನೊಂದಿಗೆ ಬಂದ ಸಂಘದ ಮನವಿಗೆ ಏನಾದರೊಂದು ಲಿಖಿತ ಉತ್ತರ ಕೊಡಲೇಬೇಕಾಗುತ್ತದೆ.

ಗ್ರಂಥಾಲಯ ಕ್ಷೇತ್ರದ ಇತಿಹಾಸವೂ ಇದನ್ನೇ ಸಾರುತ್ತದೆ. 1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು ಎಲ್ಲರಿಗೂ ಗೊತ್ತು. ಅದೇ ವರ್ಷ ಅದೇ ಊರಿನಲ್ಲಿ ದೇಶಬಂಧು ಚಿತ್ತರಂಜನ ದಾಸ್ ಅವರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಸಾರ್ವಜನಿಕ ಗ್ರಂಥಾಲಯ ಸಮ್ಮೇಳನವೂ ಜರುಗಿತ್ತೆಂಬುದನ್ನು ಬಲ್ಲವರು ವಿರಳ. 1933ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಗ್ರಂಥಾಲಯ ಸಂಘ ಹುಟ್ಟಿತು. 1955ರಲ್ಲಿ ಅಲ್ಲಿಯೇ ವಿಶೇಷ ಗ್ರಂಥಾಲಯಗಳ ಸಂಘ 'ಇಯಾಸ್ಲಿಕ್' ರೂಪುಗೊಂಡಿತು. ಗ್ರಂಥಾಲಯಕ್ಕೆ ಶಾಸನದ ಬಲ ಬೇಕೆಂದು ರಂಗನಾಥನ್ ಮತ್ತು ಅವರ ಒಡನಾಡಿಗಳು ದಶಕಗಳ ಕಾಲ ಪಟ್ಟುಹಿಡಿದದ್ದರಿಂದ ಮೊದಲು ಮದ್ರಾಸಿನಲ್ಲಿ 1948ರಲ್ಲಿ, ನಮ್ಮಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಿತು.

ಮುಧೋಳ ಮಹಾಕವಿ ರನ್ನನ ಊರು. ಬಳೆಗಾರರ ಮನೆಯಲ್ಲಿ ಹುಟ್ಟಿದ ಆತನಿಗೆ ಆಶ್ರಯವಿತ್ತ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ. ಈಗ ಅತ್ತಿಮಬ್ಬೆಯ ಸ್ಥಾನದಲ್ಲಿ ನಿಂತಿರುವವನು ಆಸ್ತಿ ತೆರಿಗೆಯ ಜೊತೆಗೆ ಶೇಕಡ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುವ ಸಾಮಾನ್ಯ ನಾಗರಿಕ. ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿದ ಈ ಕರ ಗ್ರಂಥಾಲಯಕ್ಕೆ ಸಕಾಲದಲ್ಲಿ ತಲುಪುವುದಿಲ್ಲವೆಂಬ ದೂರು ಹಳೆಯದು. ಅದನ್ನು ಕೇಳುವವರು ಯಾರು? 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವರ್ಗವಾಗಿ, ಮುಂದೆ 'ಅರಿವು ಕೇಂದ್ರ'ಗಳಾದವು. ಅಲ್ಲಿ ವೃತ್ತಿ ಶಿಕ್ಷಣ ಪಡೆದವರಿಗೆ ಯಾವ ಸ್ಥಾನವಿರಬೇಕೆಂದು ಹೇಳುವವರು ಯಾರು? ಕೇಂದ್ರ ಸರ್ಕಾರ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ತೆಗೆದಿರಿಸಿ, 2025ರ ಜನವರಿಯಿಂದ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒದಗಿಸತೊಡಗಿತು. ಸಣ್ಣ ಊರಿನ ಸರ್ಕಾರಿ ಕಾಲೇಜಿನ ಅಧ್ಯಾಪಕರಿಗೆ ಆ ಭಂಡಾರದ ಬಾಗಿಲು ತೆರೆದು ತೋರಿಸುವವರು ಯಾರು? ಪಠ್ಯಕ್ರಮ ಇಂತಹ ಬದಲಾವಣೆಗಳ ಹಿಂದೆ ಏದುಸಿರು ಬಿಡುತ್ತ ಬರುತ್ತದೆ. ವೃತ್ತಿನಿರತರ ಸಭೆಯಲ್ಲಿ ಕುಳಿತವನಿಗೆ ಅವು ಮೊದಲೇ ತಿಳಿಯುತ್ತವೆ.

ಹಾಗೆಂದು ಎಲ್ಲ ಸಂಘಗಳನ್ನೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ವರ್ಷಕ್ಕೊಮ್ಮೆ ಸಮ್ಮೇಳನ ನಡೆಸಿ, ಹಾರ ತುರಾಯಿ ಮುಗಿಸಿ ಮಲಗಿಬಿಡುವ ಸಂಘಗಳಿವೆ. ಶುಲ್ಕ ಕೊಟ್ಟವರ ಪ್ರಬಂಧಗಳನ್ನೆಲ್ಲ ಅಚ್ಚು ಹಾಕಿ ಪ್ರಮಾಣಪತ್ರ ಹಂಚುವ ದಂಧೆಯೂ ಇದೆ. ವಿದ್ಯಾರ್ಥಿ ಸೇರುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಸಂಘ ನೋಂದಣಿಯಾಗಿದೆಯೇ? ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಮಂಡಿಸುತ್ತದೆಯೇ? ಪದಾಧಿಕಾರಿಗಳ ಚುನಾವಣೆ ಕಾಲಕಾಲಕ್ಕೆ ನಡೆಯುತ್ತದೆಯೇ? ಕಳೆದ ಒಂದು ವರ್ಷದಲ್ಲಿ ಅದು ಮಾಡಿದ ಒಂದು ಕೆಲಸವನ್ನಾದರೂ ಬೆರಳಿಟ್ಟು ತೋರಿಸಬಹುದೇ? ಉತ್ತರ ಸಮಾಧಾನಕರವಾಗಿದ್ದರೆ ಮೊದಲು ಒಂದು ವರ್ಷದ ಸದಸ್ಯತ್ವ ಪಡೆಯಲಿ. ಆಜೀವ ಸದಸ್ಯತ್ವಕ್ಕೆ ಅವಸರ ಬೇಡ. ಒಂದು ರಾಜ್ಯ ಮಟ್ಟದ ಸಂಘ, ಸಾಧ್ಯವಾದರೆ ಒಂದು ರಾಷ್ಟ್ರೀಯ ಸಂಘ, ಇಷ್ಟು ಸಾಕು. ಸೇರಿದ ಮೇಲೆ ಸುಮ್ಮನೆ ಕೂರದೆ ಸಭೆಯ ವರದಿ ಬರೆಯುವುದು, ಪ್ರದರ್ಶನಕ್ಕೆ ಪುಸ್ತಕ ಜೋಡಿಸುವುದು ಮುಂತಾದ ಸಣ್ಣ ಕೆಲಸಗಳನ್ನು ವಹಿಸಿಕೊಳ್ಳಬೇಕು. ನಾಳೆ ಸಂದರ್ಶನದಲ್ಲಿ ನೆರವಿಗೆ ಬರುವ ಪರಿಚಯ ಮತ್ತು ಅನುಭವ ಹುಟ್ಟುವುದು ಅಲ್ಲಿಯೇ.

ಸಂಘಗಳಿಗೂ ಹೊಣೆಯಿದೆ. 1876ರಲ್ಲಿ ಸ್ಥಾಪಿತವಾದ ಅಮೆರಿಕದ ಗ್ರಂಥಾಲಯ ಸಂಘ ವಿದ್ಯಾರ್ಥಿಗಳಿಗೆ ರಿಯಾಯಿತಿ ಶುಲ್ಕದ ಸದಸ್ಯತ್ವ ನೀಡುತ್ತದೆ. ಬ್ರಿಟನ್ನಿನಲ್ಲೂ ಇದೇ ಪದ್ಧತಿಯಿದೆ. ನಮ್ಮಲ್ಲಿಯೂ ವಿದ್ಯಾರ್ಥಿ ಸದಸ್ಯತ್ವದ ಶುಲ್ಕ ಒಂದು ಪಠ್ಯಪುಸ್ತಕದ ಬೆಲೆಯನ್ನು ಮೀರಬಾರದು. ಸಭೆಗಳೆಲ್ಲ ಬೆಂಗಳೂರಿನಲ್ಲೇ ನಡೆದರೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬರಬೇಕಾದ ಬೀಳಗಿಯ ಹುಡುಗಿಗೆ ಸದಸ್ಯತ್ವದಿಂದ ಪ್ರಯೋಜನವೇನು?

ಆದ್ದರಿಂದ ಆರಂಭ ಇಲ್ಲಿಂದಲೇ ಆಗಬೇಕು. ಈ ನಾಲ್ಕು ತಾಲ್ಲೂಕುಗಳ ಕಾಲೇಜು ಗ್ರಂಥಪಾಲಕರು, ಸಾರ್ವಜನಿಕ ಗ್ರಂಥಾಲಯದ ಸಿಬ್ಬಂದಿ, ಅರಿವು ಕೇಂದ್ರಗಳ ಮೇಲ್ವಿಚಾರಕರು ಮತ್ತು ವಿದ್ಯಾರ್ಥಿಗಳು ಎರಡು ತಿಂಗಳಿಗೊಮ್ಮೆ ಸರದಿಯಂತೆ ಒಂದೊಂದು ಊರಿನಲ್ಲಿ ಸೇರಬಹುದು. ಯಾರ ಬಳಿ ಯಾವ ಅಪರೂಪದ ಪುಸ್ತಕವಿದೆಯೆಂಬ ಸಮಾನ ಸೂಚಿಯೊಂದನ್ನು ವಿದ್ಯಾರ್ಥಿಗಳಿಂದಲೇ ಸಿದ್ಧಪಡಿಸಬಹುದು. ಹಿಂದೆ ಸಂಸ್ಥಾನಗಳಾಗಿದ್ದ ಜಮಖಂಡಿ, ಮುಧೋಳಗಳಲ್ಲಿ ಹುಡುಕಿದರೆ ಸಿಗುವ ಹಳೆಯ ಕಾಗದಪತ್ರಗಳು ಆ ಸೂಚಿಗೆ ಮೆರುಗು ತಂದಾವು. ಬಳಗ ಗಟ್ಟಿಯಾದ ಮೇಲೆ ಅದು ರಾಜ್ಯ ಸಂಘದ ಶಾಖೆಯಾಗಲು ತಡವಾಗದು.

ಆಗಸ್ಟ್ 12 ಗ್ರಂಥಪಾಲಕರ ದಿನ. ರಂಗನಾಥನ್ ಅವರ ಭಾವಚಿತ್ರಕ್ಕೆ ಹಾರ ಹಾಕಿ ಮುಗಿಸುವ ಬದಲು, ಮುಂದಿನ ಆಗಸ್ಟ್ 12ರಂದು ಈ ಬಳಗದ ಮೊದಲ ಸಭೆಯನ್ನು ಕರೆಯಬಹುದು. ಬಾಗಿಲು ತೆರೆದಿಡುವ ಕೆಲಸ ಹಿರಿಯರದು. ಹೆಸರು ಬರೆಸಿ ಒಳಗೆ ಬರುವ ಕೆಲಸ ವಿದ್ಯಾರ್ಥಿಗಳದು.