ಚಿಂತೆಯೂ ಅಲ್ಲ, ಅದ್ರಿಯೂ ಅಲ್ಲ

ಚೆನ್ನೈನ ಬೀಚ್‌ ನಿಲ್ದಾಣದಿಂದ ಮೇಲ್ಸೇತುವೆಯ ರೈಲು ಹಿಡಿದರೆ ಪಾರ್ಕ್‌ಟೌನ್‌ ದಾಟಿದೊಡನೆ ಚಿಂತಾದ್ರಿಪೇಟೆ. ಹಲಗೆಯ ತಮಿಳನ್ನು ಅಕ್ಷರ ಕೂಡಿಸಿ ಓದಿದರೆ ‘ಚಿಂತಾದಿರಿಪ್ಪೇಟ್ಟೈ’. ಚಿಂತೆಯೋ ಅದ್ರಿಯೋ ಎಂದು ಕನ್ನಡದ ಕಿವಿ ಗೊಂದಲಕ್ಕೆ ಬೀಳುತ್ತದೆ. ಸುತ್ತ ಎಲ್ಲೂ ಬೆಟ್ಟವಿಲ್ಲ. ಮೂರು ದಿಕ್ಕಿಗೂ ಬಳಸಿ ಹರಿಯುವ ಕೂವಂ ನದಿಯಿದೆ.

ಹೆಸರಿನ ಗಂಟು ಬಿಚ್ಚಿದರೆ ಸಿಗುವುದು ‘ಚಿನ್ನ ತರಿ ಪೇಟ್ಟೈ’. ನಮಗೆ ಚಿನ್ನ ಎಂದರೆ ಬಂಗಾರ, ತಮಿಳರಿಗೆ ಚಿಕ್ಕದು. ತರಿ ಎಂದರೆ ಮಗ್ಗ. ಚಿಕ್ಕ ಮಗ್ಗಗಳ ಪೇಟೆ!

ಇದು ತಾನಾಗಿ ಬೆಳೆದ ಊರಲ್ಲ, ಕೂರಿಸಿದ ಊರು. 1639ರಲ್ಲಿ ಮದರಾಸಿನ ಮರಳದಂಡೆಗೆ ಬಂದಿಳಿದ ಈಸ್ಟ್‌ ಇಂಡಿಯಾ ಕಂಪನಿಗೆ ಇಲ್ಲಿ ಬೇಕಾಗಿದ್ದುದು ಮುಖ್ಯವಾಗಿ ಹತ್ತಿಬಟ್ಟೆ. ದೂರದ ಹಳ್ಳಿಗಳ ನೇಕಾರರನ್ನೇ ನೆಚ್ಚಿ ಕೂರುವ ಬದಲು ಅವರನ್ನು ಕಂಪನಿಯ ಕೋಟೆಯ ಪಕ್ಕಕ್ಕೇ ಕರೆತರೋಣ ಎಂದು 1734ರಲ್ಲಿ ಗವರ್ನರ್‌ ಮಾರ್ಟನ್‌ ಪಿಟ್‌ ಕಾಲದಲ್ಲಿ ತೀರ್ಮಾನವಾಯಿತು. ವರ್ತಕ ಸುಂಕುರಾಮನ ತೋಟ ಕಂಪನಿಯ ಕೈಸೇರಿ ನೇಕಾರರ ಬೀದಿಗಳಾಯಿತು. ನೂಲುವವರು, ನೇಯುವವರು, ಬಣ್ಣ ಹಾಕುವವರು, ಒಗೆಯುವವರು, ಜೊತೆಗೆ ಗುಡಿಯ ಸೇವೆಯವರು ಇಲ್ಲಿ ನೆಲೆಸಲಿ ಎಂಬುದು ಕಂಪನಿಯ ಲೆಕ್ಕಾಚಾರ.

ಮಗ್ಗದ ಮನೆ ಕಂಡವರಿಗೆ ಗೊತ್ತು, ನೇಕಾರಿಕೆ ಒಳಮನೆಯಲ್ಲಷ್ಟೇ ಮುಗಿಯುವುದಿಲ್ಲ. ಹಾಸಿನ ಎಳೆಗಳನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಬೇಕು, ಗಂಜಿ ಸವರಬೇಕು, ಕುಂಚದಿಂದ ಉಜ್ಜಿ ಎಳೆ ಎಳೆ ಬಿಡಿಸಬೇಕು, ಬಿಸಿಲು ಏರುವ ಮೊದಲೇ ಒಣಗಿಸಿ ಸುತ್ತಬೇಕು. ಬೀದಿಯೆಂದರೆ ಅವರ ಪಾಲಿಗೆ ಅರ್ಧ ಮಗ್ಗ. ಬಟ್ಟೆ ಒಗೆಯಲು, ಬಣ್ಣ ಅದ್ದಲು ನೀರೂ ಬೇಕು. ನದಿ ಬಳಸಿದ ಈ ನೆಲದ ಬೆಲೆ ಅಲ್ಲಿದೆ. ಇಂದಿನ ಕೂವಂ ನೋಡಿದವರಿಗೆ ಅದರಲ್ಲಿ ಬಟ್ಟೆ ಜಾಲಿಸಿದ ಕಾಲವನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ನನಗಂತೂ ಹೊಟ್ಟೆ ಚುರುಕ್ಕೆನ್ನುತ್ತದೆ.

ಗವರ್ನರುಗಳ, ದೇವರುಗಳ ಹೆಸರು ಹೊತ್ತ ಬಡಾವಣೆಗಳಿಗೆ ಚೆನ್ನೈನಲ್ಲಿ ಬರವಿಲ್ಲ. ದುಡಿಯುವ ಕೈಯ ಸಲಕರಣೆಯೊಂದು ಊರಿನ ಹೆಸರಾಗಿ ಉಳಿದದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಲಾಳಿಯ ಸದ್ದು ಅಡಗಿ ಎಷ್ಟೋ ಕಾಲವಾಯಿತು. ಈಗ ಚಿಂತಾದ್ರಿಪೇಟೆ ಎಂದರೆ ಚೆನ್ನೈನವರಿಗೆ ಮೊದಲು ನೆನಪಾಗುವುದು ಮೀನಿನ ಮಾರುಕಟ್ಟೆ. ಪೇಟೆಯ ನಡುವೆ ಆದಿಕೇಶವ ಪೆರುಮಾಳ್‌ ಮತ್ತು ಆದಿಪುರೀಶ್ವರರ ಗುಡಿಗಳು ಮಾತ್ರ ಈಗಲೂ ಅಕ್ಕಪಕ್ಕ ನಿಂತಿವೆ.