ಜನಸೇವೆಗೂ ಒಂದು ಪೂಜಾವಿಧಿ

ಜನಸೇವೆಯೇ ಜನಾರ್ದನ ಸೇವೆಯೆಂಬ ಮಾತು ನಮ್ಮ ಸಭೆಗಳಲ್ಲಿ ಈಗ ಎಷ್ಟು ಸುಲಭವಾಗಿ ಉಚ್ಚರಿತವಾಗುತ್ತಿದೆಯೆಂದರೆ, ಅದರ ಅರ್ಥವನ್ನು ವಿಚಾರಿಸುವ ಶ್ರಮವನ್ನು ಹೇಳುವವರೂ ಕೇಳುವವರೂ ಬಿಟ್ಟುಬಿಟ್ಟಂತೆ ತೋರುತ್ತದೆ. ಶಂಕುಸ್ಥಾಪನೆಯಲ್ಲಿ ಈ ಮಾತು. ಸನ್ಮಾನದಲ್ಲಿ ಈ ಮಾತು. ಚುನಾವಣೆಯ ಕಾಲದಲ್ಲಂತೂ ಬೀದಿಬೀದಿಗೂ ಈ ಮಾತು. ಆದರೆ ಇದು ಭಾಷಣದ ಅಲಂಕಾರಕ್ಕಾಗಿ ಹುಟ್ಟಿದುದಲ್ಲ. ಸೇವೆಯು ಪೂಜೆಯೆಂದು ನಾವು ಒಪ್ಪುವ ಪಕ್ಷದಲ್ಲಿ, ಪೂಜೆಗೆ ಇರುವ ಕಟ್ಟುಪಾಡುಗಳೆಲ್ಲವೂ ಸೇವೆಗೂ ಇರಬೇಕಾಗುತ್ತದೆ. ಅವನ್ನು ನಾವು ಪಾಲಿಸುತ್ತಿದ್ದೇವೆಯೇ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಈ ಭಾವನೆಯ ಬೇರು ಬಹಳ ಹಳೆಯದು. ಭಾಗವತದ ಮೂರನೆಯ ಸ್ಕಂಧದಲ್ಲಿ ಕಪಿಲನು ತಾಯಿ ದೇವಹೂತಿಗೆ ಉಪದೇಶಿಸುವಾಗ, ಸಕಲ ಪ್ರಾಣಿಗಳಲ್ಲಿರುವ ಭಗವಂತನನ್ನು ಅಲಕ್ಷಿಸಿ ಪ್ರತಿಮೆಯನ್ನು ಮಾತ್ರ ಪೂಜಿಸುವವನ ಅರ್ಚನೆಯನ್ನು ಬೂದಿಯಲ್ಲಿ ಮಾಡಿದ ಹೋಮಕ್ಕೆ ಹೋಲಿಸುತ್ತಾನೆ. ಅದೇ ಗ್ರಂಥದ ಒಂಬತ್ತನೆಯ ಸ್ಕಂಧದಲ್ಲಿ ರಂತಿದೇವ ಮಹಾರಾಜನ ಕಥೆಯಿದೆ. ನಲವತ್ತೆಂಟು ದಿನಗಳ ಉಪವಾಸದ ಮೇಲೆ ಅವನಿಗೂ ಅವನ ಕುಟುಂಬಕ್ಕೂ ಸ್ವಲ್ಪ ಆಹಾರ ದೊರೆಯಿತು. ಉಣ್ಣಲು ಕುಳಿತಾಗ ಮೊದಲು ಒಬ್ಬ ಬ್ರಾಹ್ಮಣನೂ, ಬಳಿಕ ಒಬ್ಬ ಶೂದ್ರನೂ, ಅನಂತರ ನಾಯಿಗಳನ್ನು ಹಿಡಿದ ಮತ್ತೊಬ್ಬನೂ ಬಂದರು, ಅನ್ನವೆಲ್ಲ ಮುಗಿಯಿತು. ಉಳಿದಿದ್ದ ನೀರನ್ನು ಕುಡಿಯಬೇಕೆನ್ನುವಷ್ಟರಲ್ಲಿ ಅಂತ್ಯಜನೊಬ್ಬನು ಬಾಯಾರಿ ಬಂದನು. ಆ ನೀರೂ ಅವನ ಪಾಲಾಯಿತು. ಅರಸನು ಕೊಟ್ಟುದು ದೊಡ್ಡದೇ ಸರಿ. ಆದರೆ ಕೊಟ್ಟ ರೀತಿ ಅದಕ್ಕಿಂತ ದೊಡ್ಡದು. ಬಂದವರೆಲ್ಲರಲ್ಲಿಯೂ ಅವನು ಹರಿಯನ್ನೇ ಕಂಡನು; ನಾಯಿಗಳಿಗೂ ಅವುಗಳ ಒಡೆಯನಿಗೂ ನಮಸ್ಕರಿಸಿದನು. ತನಗೆ ಮೋಕ್ಷವನ್ನು ಸಹ ಬೇಡದೆ, ಪ್ರಾಣಿಗಳ ದುಃಖವನ್ನು ತಾನು ಹೊರುವಂತಾಗಲೆಂದು ಬೇಡಿದನು.

ಪುರಾಣದಲ್ಲಿದ್ದ ಈ ದೃಷ್ಟಿಯನ್ನು ಆಧುನಿಕ ಕಾಲದ ಕಾರ್ಯವಾಗಿ ಪರಿಣಮಿಸಿದವರಲ್ಲಿ ಶ್ರೀರಾಮಕೃಷ್ಣರ ಶಿಷ್ಯಮಂಡಲಿಯು ಅಗ್ರಗಣ್ಯವಾದುದು. 1884ರಲ್ಲಿ ಒಂದು ದಿನ ದಕ್ಷಿಣೇಶ್ವರದಲ್ಲಿ ಜೀವದಯೆಯ ಪ್ರಸ್ತಾಪ ಬಂದಾಗ ಪರಮಹಂಸರು, ದಯೆ ತೋರಿಸಲು ಅಲ್ಪನಾದ ಮನುಷ್ಯನು ಯಾರು, ಜೀವನನ್ನು ಶಿವನೆಂದು ತಿಳಿದು ಸೇವಿಸುವುದೊಂದೇ ಅವನಿಗೆ ಉಚಿತವೆಂಬ ಭಾವವನ್ನು ವ್ಯಕ್ತಪಡಿಸಿದರಂತೆ. ಅದನ್ನು ಕೇಳಿದವರಲ್ಲಿ ಮುಂದೆ ವಿವೇಕಾನಂದರೆಂದು ಪ್ರಖ್ಯಾತರಾದ ತರುಣ ನರೇಂದ್ರನೂ ಒಬ್ಬನು. 1897ನೆಯ ಮೇ 1ರಂದು ಕಲ್ಕತ್ತೆಯಲ್ಲಿ ರಾಮಕೃಷ್ಣ ಮಿಷನ್ನಿನ ಸ್ಥಾಪನೆಯಾಯಿತು. ಅದೇ ತಿಂಗಳು ಸ್ವಾಮಿ ಅಖಂಡಾನಂದರು ಮುರ್ಷಿದಾಬಾದು ಜಿಲ್ಲೆಯ ಮಹುಲಾ ಎಂಬಲ್ಲಿ ಕ್ಷಾಮನಿವಾರಣೆಯ ಕೆಲಸವನ್ನು ಕೈಕೊಂಡರು. ಆ ಸೀಮೆಯಲ್ಲಿ ಸಂಚರಿಸುತ್ತಿದ್ದಾಗ, ಒಡೆದ ಕೊಡದ ಮುಂದೆ ಅಳುತ್ತಿದ್ದ ಒಬ್ಬ ಮುಸಲ್ಮಾನ ಬಾಲಕಿಯ ದುಃಖವು ಅವರನ್ನು ತಡೆದು ನಿಲ್ಲಿಸಿತ್ತು. ಸೇವೆಗೆ ಮೊದಲು ಮತವನ್ನು ವಿಚಾರಿಸುವುದು ಅವರಿಗೆ ತೋಚಲೇ ಇಲ್ಲ.

ಕಾಶಿಯಲ್ಲಿ ನಡೆದುದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಕಾಶಿಯಲ್ಲಿ ಸತ್ತರೆ ಮುಕ್ತಿಯೆಂಬ ನಂಬಿಕೆಯಿಂದ ದಿಕ್ಕಿಲ್ಲದ ವೃದ್ಧರು ಅನೇಕರು ಅಲ್ಲಿಗೆ ಬಂದು ಸೇರುತ್ತಿದ್ದರು. ರೋಗ ಬಂದಾಗ ಬೀದಿಯ ಪಕ್ಕದಲ್ಲಿ ಬಿದ್ದಿರುತ್ತಿದ್ದರು. 1900ರಲ್ಲಿ ವಿವೇಕಾನಂದರ ಬರಹಗಳಿಂದ ಪ್ರೇರಿತರಾದ ಕೆಲವು ಯುವಕರು ಇಂಥವರನ್ನು ಎತ್ತಿ ತಂದು ಉಪಚರಿಸಲು ತೊಡಗಿ, ಬಡವರಿಗೆ ಪರಿಹಾರ ಕೊಡುವ ಸಂಘವೆಂಬ ಅರ್ಥದ ಹೆಸರನ್ನು ತಮ್ಮ ಕೂಟಕ್ಕೆ ಇಟ್ಟುಕೊಂಡಿದ್ದರು. 1902ರಲ್ಲಿ ಕಾಶಿಗೆ ಬಂದ ಸ್ವಾಮಿಗಳು ಕೆಲಸವನ್ನು ಮೆಚ್ಚಿದರು, ಹೆಸರನ್ನು ಮೆಚ್ಚಲಿಲ್ಲ. ಪರಿಹಾರ ಕೊಡುವೆನೆಂಬಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ಆದುದರಿಂದ ಅದು ಸೇವಾಶ್ರಮವಾಯಿತು. ಹೆಸರಿನ ಈ ಬದಲಾವಣೆಯಲ್ಲಿ ಇಡೀ ಸಿದ್ಧಾಂತವೇ ಅಡಗಿದೆ. ದಾನದಲ್ಲಿ ಕೃತಜ್ಞನಾಗಬೇಕಾದವನು ಪಡೆದವನು. ಪೂಜೆಯಲ್ಲಾದರೋ ಪೂಜೆ ಮಾಡಲು ಅವಕಾಶ ಪಡೆದವನು. ದೇವರು ತನ್ನ ನೈವೇದ್ಯವನ್ನು ಸ್ವೀಕರಿಸಿದುದಕ್ಕಾಗಿ ತನಗೆ ಕೈಮುಗಿಯಲೆಂದು ಯಾವ ಅರ್ಚಕನೂ ಕಾಯುವುದಿಲ್ಲವಷ್ಟೆ?

ಹರಿದ್ವಾರದ ಸಮೀಪದ ಕಂಖಲ್‌ನಲ್ಲಿ ಈ ತತ್ತ್ವವು ಇನ್ನೂ ಕಠಿನವಾದ ಪರೀಕ್ಷೆಗೆ ಒಳಗಾಯಿತು. ರೋಗಿಗಳಾದ ಸಾಧುಗಳಿಗೂ ಯಾತ್ರಿಕರಿಗೂ ಅಲ್ಲಿ ದಿಕ್ಕಿಲ್ಲದುದನ್ನು ಕಂಡಿದ್ದ ವಿವೇಕಾನಂದರ ಪ್ರೇರಣೆಯಂತೆ, ಸ್ವಾಮಿ ಕಲ್ಯಾಣಾನಂದರು 1901ರಲ್ಲಿ ಕೆಲವು ಚಿಕ್ಕ ಕೋಣೆಗಳಲ್ಲಿ ಒಂದು ಔಷಧಾಲಯವನ್ನು ತೆರೆದರು. ಹಿಂದೆ ಸೈನಿಕರಾಗಿದ್ದ ಸ್ವಾಮಿ ನಿಶ್ಚಯಾನಂದರು ಬಂದು ಅವರನ್ನು ಕೂಡಿಕೊಂಡರು. ರೋಗಿಗಳ ಮಲಮೂತ್ರಗಳನ್ನು ಈ ಸಂನ್ಯಾಸಿಗಳು ತಾವೇ ಬಳಿದರು. ಜಾತಿಯನ್ನು ಕೇಳದೆ ಚಿಕಿತ್ಸೆ ಮಾಡಿದರು. ಸಂಪ್ರದಾಯಸ್ಥರಾದ ಸಾಧುಗಳು ಇವರನ್ನು ಜಾಡಮಾಲಿ ಸಾಧುಗಳೆಂದು ಹಳಿದು, ಇವರೊಡನೆ ಪಂಕ್ತಿಭೋಜನವನ್ನು ಬಿಟ್ಟರು. ಇವರು ವಾದಕ್ಕೆ ಹೋಗಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಕೊನೆಗೆ ಹೃಷೀಕೇಶದ ಕೈಲಾಸಾಶ್ರಮದ ಧನರಾಜಗಿರಿಗಳೆಂಬ ಗೌರವಾನ್ವಿತ ಮಹಂತರೇ ಇವರನ್ನು ಆದರದಿಂದ ಪಂಕ್ತಿಗೆ ಕರೆಯಿಸಿದ ಮೇಲೆ ಆ ಬಹಿಷ್ಕಾರವು ಕರಗಿತು. ಕಲ್ಯಾಣಾನಂದರು 1937ರಲ್ಲಿ ದೇಹ ಬಿಡುವವರೆಗೂ, ಎಂದರೆ ಹೆಚ್ಚುಕಡಿಮೆ ಮೂವತ್ತಾರು ವರ್ಷ, ಅದೇ ಕೆಲಸದಲ್ಲಿದ್ದರು.

ಆಸ್ಪತ್ರೆ, ಅನಾಥಾಲಯಗಳೆಲ್ಲ ಕ್ರೈಸ್ತ ಪಾದ್ರಿಗಳಿಂದ ಎರವು ತಂದವು, ಹಿಂದೂ ಧರ್ಮಕ್ಕೆ ಸ್ವಾಭಾವಿಕವಲ್ಲ ಎಂದು ಆಕ್ಷೇಪಿಸುವವರುಂಟು. ವ್ಯವಸ್ಥೆಯನ್ನೂ ಲೆಕ್ಕಪತ್ರದ ಶಿಸ್ತನ್ನೂ ಪಾದ್ರಿಗಳನ್ನು ನೋಡಿ ನಮ್ಮವರು ಕಲಿತಿರಬಹುದು; ಒಳ್ಳೆಯದನ್ನು ಕಲಿಯುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ರೋಗಿಯೇ ಆರಾಧ್ಯನೆಂಬ ದೃಷ್ಟಿ ನಮ್ಮ ಮನೆಯದೇ. ಕನ್ನಡ ನಾಡಿನಲ್ಲಿ ಇದಕ್ಕೆ ಪ್ರತ್ಯೇಕವಾದ ಒಂದು ಶಬ್ದವೇ ಇದೆ. ಹನ್ನೆರಡನೆಯ ಶತಮಾನದ ಶರಣರು ಅನ್ನ ನೀಡುವುದನ್ನು ದಾನವೆನ್ನದೆ ದಾಸೋಹವೆಂದರು. ನಾನು ದಾಸನೆಂಬ ಭಾವವು ಆ ಹೆಸರಿನಲ್ಲಿಯೇ ಇದೆ. ನೀಡುವವನು ಅಲ್ಲಿ ಸೇವಕನು, ಒಡೆಯನಲ್ಲ. ತುಮಕೂರಿನ ಬಳಿಯ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಜಾತಿಮತಗಳ ಭೇದವಿಲ್ಲದೆ ಉಂಡು ಓದುತ್ತಿರುವುದನ್ನು ನಾಡೆಲ್ಲ ಬಲ್ಲದು. 1941ರಿಂದ ಆ ಮಠದ ಹೊಣೆಯನ್ನು ಹೊತ್ತಿದ್ದ ಶ್ರೀ ಶಿವಕುಮಾರಸ್ವಾಮಿಗಳು 2019ನೆಯ ಜನವರಿ 21ರಂದು ಲಿಂಗೈಕ್ಯರಾದರು. ಮಕ್ಕಳ ಮಧ್ಯಾಹ್ನದ ಊಟವು ಮುಗಿದ ಮೇಲೆಯೇ ತಮ್ಮ ಮರಣವಾರ್ತೆಯನ್ನು ತಿಳಿಸಬೇಕೆಂಬುದು ಅವರ ಇಚ್ಛೆಯಾಗಿತ್ತು, ಹಾಗೆಯೇ ನಡೆಯಿತು. ನೈವೇದ್ಯದ ವೇಳೆ ತಪ್ಪಬಾರದೆಂಬ ಅರ್ಚಕನ ನಿಷ್ಠೆಗೆ ಇದಕ್ಕಿಂತ ಹೆಚ್ಚಿನ ನಿದರ್ಶನವನ್ನು ನಾವು ಕಾಣೆವು.

ಇನ್ನು ನಮ್ಮ ಪಟ್ಟಣಗಳತ್ತ ತಿರುಗಿ ನೋಡೋಣ. ಪೂಜೆಗೆ ಶುಚಿ ಬೇಕು, ಕಾಲನಿಯಮ ಬೇಕು, ನಿತ್ಯತ್ವ ಬೇಕು. ವರ್ಷಕ್ಕೊಮ್ಮೆ ಜನ್ಮದಿನದಂದು ಆಸ್ಪತ್ರೆಗೆ ಹೋಗಿ ರೋಗಿಯ ಕೈಗೆ ಎರಡು ಬಾಳೆಯಹಣ್ಣನ್ನು ಕೊಡುವಾಗ, ಹಣ್ಣು ಕೊಡುವ ಕೈಗಿಂತ ಭಾವಚಿತ್ರ ತೆಗೆಯುವ ಕೈಗಳೇ ಹೆಚ್ಚಾಗಿದ್ದರೆ, ಅಲ್ಲಿ ಪೂಜೆ ಯಾರಿಗೆ ನಡೆಯಿತು? ಅನ್ನಸಂತರ್ಪಣೆಯೆಂದು ಹೆಸರಿಟ್ಟು, ಕೆಲವರಿಗೆ ಒಳಗಿನ ಪಂಕ್ತಿ, ಕೆಲವರಿಗೆ ಹೊರಗಿನ ಅಂಗಳ ಎಂದು ವಿಭಾಗಿಸಿದರೆ, ಅಂಗಳದಲ್ಲಿ ಕುಳಿತ ನಾರಾಯಣನು ಒಳಗಿನ ನಾರಾಯಣನಿಗಿಂತ ಕಡಮೆಯವನೆಂದು ಯಾವ ಶಾಸ್ತ್ರವು ಹೇಳಿತು?

ಸೇವೆಗೆ ಮಠವೇ ಬೇಕೆಂದಾಗಲಿ, ಕಾವಿಯೇ ಬೇಕೆಂದಾಗಲಿ ತಿಳಿಯಬೇಕಾಗಿಲ್ಲ. ಈ ಪತ್ರಿಕೆಯನ್ನು ಓದುವವರಲ್ಲಿ ಅಧಿಕಾರಿಗಳೂ ಗುಮಾಸ್ತರೂ ಅನೇಕರಿದ್ದಾರೆ. ವಿಧವಾ ವೇತನದ ಅರ್ಜಿಯನ್ನು ಹಿಡಿದು ಹಳ್ಳಿಯ ಮುದುಕಿಯೊಬ್ಬಳು ಕಚೇರಿಯ ಬಾಗಿಲಲ್ಲಿ ನಿಲ್ಲುತ್ತಾಳೆ. ನಾಳೆ ಬಾ ಎಂದು ಅವಳಿಗೆ ಹೇಳುತ್ತಾರೆ. ನಾಳೆ ಬರಬೇಕಾದರೆ ಅವಳು ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಳ್ಳಬೇಕೆಂಬುದನ್ನು ಹೇಳಿದವರು ಯೋಚಿಸುವುದಿಲ್ಲ. ಅವಳನ್ನು ಕೂಡಿಸಿ, ಅರ್ಜಿಯಲ್ಲಿರುವ ನ್ಯೂನತೆಯನ್ನು ಒಂದೇ ಸಲಕ್ಕೆ ತಿಳಿಸಿ, ಆ ದಿನವೇ ಆಗಬಹುದಾದುದನ್ನು ಆ ದಿನವೇ ಮಾಡಿಕೊಡುವುದರಲ್ಲಿ ಆಸನವೂ ಇದೆ, ಅರ್ಘ್ಯವೂ ಇದೆ. ಸಂಬಳಕ್ಕಾಗಿ ಮಾಡುವ ಕೆಲಸ ಪೂಜೆ ಹೇಗಾದೀತೆಂದು ಕೇಳಬಹುದು. ದೇವಾಲಯದ ಅರ್ಚಕನೂ ತಸ್ತೀಕು ಪಡೆಯುತ್ತಾನೆ. ಅಷ್ಟರಿಂದ ಅವನ ಮಂಗಳಾರತಿ ವ್ಯರ್ಥವಾಗುವುದಿಲ್ಲ. ಕಾಣಿಕೆಯ ತಟ್ಟೆಯ ಮೇಲೆಯೇ ಅವನ ಕಣ್ಣಿದ್ದರೆ ಮಾತ್ರ ಅದು ವ್ಯರ್ಥ.

ಕೊನೆಯದಾಗಿ ಒಂದು ಎಚ್ಚರಿಕೆ. ದರಿದ್ರನನ್ನು ನಾರಾಯಣನೆಂದು ಕರೆದು, ಅವನು ಎಂದೆಂದಿಗೂ ದರಿದ್ರನಾಗಿಯೇ ಇರಲೆಂದು ಬಯಸುವುದು ಪೂಜೆಯಲ್ಲ, ಅಪರಾಧ. ಮೂರ್ತಿಯ ಮೇಲೆ ಧೂಳು ಕುಳಿತಿದ್ದರೆ ಭಕ್ತನು ಮೊದಲು ಅದನ್ನು ತೊಳೆಯುತ್ತಾನೆ. ಹಸಿವು, ಅಜ್ಞಾನ, ರೋಗ, ಅಸ್ಪೃಶ್ಯತೆಗಳೆಂಬ ಧೂಳನ್ನು ತೊಳೆಯುವುದೇ ಈ ಪೂಜೆಯ ಅಭಿಷೇಕ. ವಿದ್ಯಾಲಯ, ಔಷಧಾಲಯ, ನ್ಯಾಯವಾದ ಕೂಲಿ, ಸಕಾಲದಲ್ಲಿ ದೊರೆಯುವ ಹಕ್ಕು ಇವೆಲ್ಲವೂ ಅದರ ಸಾಮಗ್ರಿಗಳು. ವಾಚಕ ಮಹಾಶಯರು ನಾಳೆ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ ಮನೆಯಿಂದ ಹೊರಡುವಾಗ, ಪೂಜೆಯು ಮುಗಿಯಿತೆಂದು ಭಾವಿಸದಿರಲಿ. ಅದರ ಉತ್ತರಭಾಗವು ಕಚೇರಿಯ ಬಾಗಿಲಿನಲ್ಲಿ ಅರ್ಜಿಯನ್ನು ಹಿಡಿದು ನಿಂತಿದೆ.